ಬಾಗಿಲೊಳಗಿನ ಮಾತು, ಬಾಗಿಲಾಚೆಯ ಬೆಂಚು

ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆ, ಮೂರು ವರ್ಷದ ಹಿಂದಿನ ಮಾತು. ಆಪ್ತಸಮಾಲೋಚನೆ ಕೊಠಡಿಯ ಹೊರಗೆ, ತೂತುತೂತಿನ ಸ್ಟೀಲ್ ಬೆಂಚಿನ ಮೇಲೆ ನಾನೂ ಚಿಕ್ಕಮ್ಮನೂ ಕೂತಿದ್ದೆವು. ಒಳಗೆ ಚಿಕ್ಕಮ್ಮನ ಮಗಳು. ಎಂಟು ತಿಂಗಳಿಂದ ಅವಳಿಗೆ ನಿದ್ದೆ ಇಲ್ಲ, ಊಟ ಸೇರದು, ಹೊತ್ತಲ್ಲದ ಹೊತ್ತಿನಲ್ಲಿ ಎದೆ ಡವಡವ. ಇಸಿಜಿ, ಥೈರಾಯ್ಡ್, ರಕ್ತ ಎಲ್ಲವನ್ನೂ ನೋಡಿ ಮುಗಿಸಿದ ಫಿಸಿಶಿಯನ್ ಒಬ್ಬರು ಕಡೆಗೆ ಇಲ್ಲಿಗೆ ಚೀಟಿ ಬರೆದುಕೊಟ್ಟಿದ್ದರು. ಚಿಕ್ಕಮ್ಮ ಬ್ಯಾಗಿನ ಜಿಪ್ಪು ಎಳೆಯುವುದು, ಮತ್ತೆ ಹಾಕುವುದು ಮಾಡುತ್ತಿದ್ದರು. ಕಾರಿಡಾರಿನಲ್ಲಿ ಚಪ್ಪಲಿ ಸದ್ದಾದರೆ ಸಾಕು, ಅವರ ಮುಖ ಗೋಡೆ ಕಡೆ ತಿರುಗುತ್ತಿತ್ತು. "ನಮ್ಮೂರೋರು ಯಾರಾದ್ರೂ ಸಿಕ್ಕಿ ಕೇಳಿದ್ರೆ ಥೈರಾಯ್ಡ್ ರಿಪೋರ್ಟಿಗೆ ಬಂದಿದ್ವಿ ಅನ್ನಪ್ಪ" ಎಂದು ಎರಡು ಸಲ ಹೇಳಿದರು.

ನಲವತ್ತು ನಿಮಿಷಕ್ಕೆ ಬಾಗಿಲು ತೆರೆಯಿತು. ಅವಳ ಕಣ್ಣು ಕೆಂಪಗಿತ್ತು, ಆದರೆ ಬೆಳಿಗ್ಗೆಯಿಂದ ಕಿವಿಯವರೆಗೆ ಏರಿಸಿಕೊಂಡಿದ್ದ ಭುಜ ಇಳಿದಿತ್ತು. ಚಿಕ್ಕಮ್ಮನ ಮೊದಲ ಪ್ರಶ್ನೆ: "ಏನ್ ಕೇಳಿದ್ರೇ? ನಮ್ ಬಗ್ಗೆ ಏನ್ ಹೇಳ್ದೆ?"

"ಏನಿಲ್ಲಮ್ಮ" ಎಂದಳು ಅವಳು. ಅಮ್ಮನಿಗೆ ಗೊತ್ತಿರದ ನಲವತ್ತು ನಿಮಿಷ ಅವಳ ಬದುಕಿನಲ್ಲಿ ಅದೇ ಮೊದಲಿರಬೇಕು.

ಎದುರಾಎದುರು ಕೂತು ಮಾಡುವ ಮನೋಚಿಕಿತ್ಸೆ ಮೇಲೋ, ಫೋನು-ವಿಡಿಯೊ ಮೇಲೋ ಎಂಬ ಚರ್ಚೆ ಕೊರೋನಾ ಕಾಲದಿಂದ ನಡೆದೇ ಇದೆ. 2020ರ ಮಾರ್ಚ್‌ನಲ್ಲಿ ಟೆಲಿಮೆಡಿಸಿನ್‌ಗೆ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿದ ಮೇಲಂತೂ ಪರದೆಯ ಮೇಲೆ ಮನೋವೈದ್ಯರನ್ನು ಕಾಣುವುದು ಮಾಮೂಲಾಯಿತು. ಚರ್ಚೆಯಲ್ಲಿ ಎರಡು ಕಡೆಯವರೂ ಮುಖದ ಬಗ್ಗೆಯೇ ಮಾತಾಡುತ್ತಾರೆ: ಮುಖ ನೋಡಿ ಮಾತಾಡಿದರೆ ಮಾತ್ರ ಆಪ್ತತೆ ಎಂದು ಒಬ್ಬರು, ಮುಖ ವಿಡಿಯೊದಲ್ಲೂ ಕಾಣುತ್ತದಲ್ಲ ಎಂದು ಇನ್ನೊಬ್ಬರು. ಆ ಬೆಂಚಿನ ಮೇಲೆ ಕೂತಾಗಿನಿಂದ ನನ್ನ ಗಮನವೆಲ್ಲ ಬಾಗಿಲಿನ ಮೇಲೆ. ನೇರ ಭೇಟಿಯ ಚಿಕಿತ್ಸೆ ಕೊಡುವ ದೊಡ್ಡ ವರ ಮುಚ್ಚಿಕೊಳ್ಳುವ ಒಂದು ಬಾಗಿಲು. ಅದು ಕೇಳುವ ದೊಡ್ಡ ಬೆಲೆ, ಆ ಬಾಗಿಲ ಮುಂದಿನ ಬೆಂಚು.

ಮುಖದ ವಾದಕ್ಕೆ ಇತಿಹಾಸದ ಬೆಂಬಲವೂ ಅಷ್ಟಕ್ಕಷ್ಟೇ. ಮಾತಿನ ಚಿಕಿತ್ಸೆಗೆ ಬುನಾದಿ ಹಾಕಿದ ಫ್ರಾಯ್ಡ್ ರೋಗಿಯನ್ನು ಸೋಫಾದ ಮೇಲೆ ಮಲಗಿಸಿ, ತಾನು ಅವರಿಗೆ ಕಾಣದ ಹಾಗೆ ತಲೆಯ ಹಿಂದೆ ಕೂರುತ್ತಿದ್ದ. ದಿನಕ್ಕೆ ಎಂಟು ಗಂಟೆ ಜನ ತನ್ನನ್ನೇ ದಿಟ್ಟಿಸುವುದನ್ನು ತಾಳಲಾರೆ ಎಂದು 1913ರಲ್ಲಿ ಅವನೇ ಒಪ್ಪಿಕೊಂಡಿದ್ದಾನೆ. ಇನ್ನು ಈಚಿನ ಲೆಕ್ಕ: ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ಯೋಚನೆ, ನಡವಳಿಕೆಗಳನ್ನು ತಿದ್ದಿಕೊಳ್ಳಲು ಕಲಿಸುವ, ಎಲ್ಲರೂ ಸಿಬಿಟಿ ಎನ್ನುವ ಪದ್ಧತಿಯನ್ನು ನೇರವಾಗಿ ಕೊಟ್ಟಾಗಲೂ ಇಂಟರ್‌ನೆಟ್ ಮೂಲಕ ಕೊಟ್ಟಾಗಲೂ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ ಎಂದು 20 ಅಧ್ಯಯನಗಳ 1,418 ಮಂದಿಯ ಮಾಹಿತಿಯನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆ ಹೇಳಿತು. ಖಿನ್ನತೆ, ಪ್ಯಾನಿಕ್, ಸಾಮಾಜಿಕ ಭಯ ಇಂಥವುಗಳಲ್ಲಿ ಪರದೆ ಕಳಪೆ ಎನ್ನಲು ಆಧಾರವಿಲ್ಲ.

ಆದರೆ ಇಂಥ ಅಧ್ಯಯನಗಳು ಬಹುಪಾಲು ನಡೆದದ್ದು ಶ್ರೀಮಂತ ದೇಶಗಳಲ್ಲಿ. ಭಾಗವಹಿಸಿದವರಿಗೆ ಕಂಪ್ಯೂಟರ್ ಮುಂದೆ ಒಬ್ಬರೇ ಕೂರಲು ಒಂದು ಜಾಗ ಇದ್ದೇ ಇರುತ್ತದೆ ಎಂದು ಹೆಚ್ಚುಕಡಿಮೆ ಗೃಹೀತ ಹಿಡಿದ ಲೆಕ್ಕ ಅದು. ನಮ್ಮಲ್ಲಿ ಆ ಗೃಹೀತವೇ ನಿಲ್ಲುವುದಿಲ್ಲ. ನಮ್ಮ ಹುಡುಗಿಗೂ ಎರಡನೇ ತಿಂಗಳಿಂದ ಫೋನಿನಲ್ಲೇ ಸೆಷನ್ ಮಾಡೋಣ ಎಂದರು, ಬಸ್ಸಿನ ಓಡಾಟ ತಪ್ಪಲಿ ಅಂತ. ಮನೆಯಲ್ಲಿ ಎರಡೇ ಕೋಣೆ, ಒಂದರಲ್ಲಿ ಅಜ್ಜಿ ಮಲಗಿರುತ್ತಾರೆ. ಅವಳು ಮಹಡಿ ಮೇಲೆ ನೀರಿನ ಟ್ಯಾಂಕಿನ ಮರೆಗೆ ಹೋಗಿ ಮಾತಾಡುತ್ತಿದ್ದಳು. ಮೂರನೇ ಸೆಷನ್ನಿನಲ್ಲಿ, ಮಾತು ಮುಖ್ಯವಾದ ಜಾಗಕ್ಕೆ ಬರುವ ಹೊತ್ತಿಗೆ, ಪಕ್ಕದ ಮನೆಯವರು ಬಟ್ಟೆ ಒಣಹಾಕಲು ಬಂದರು. "ಸರಿ ಕಣೇ, ಆಮೇಲೆ ಮಾಡ್ತೀನಿ" ಎಂದು ಗೆಳತಿಗೆ ಹೇಳುವ ಹಾಗೆ ಹೇಳಿ ಫೋನ್ ಇಟ್ಟಳು. ಆ ಕಡೆ ಇದ್ದವರು ಐವತ್ತು ದಾಟಿದ ಮನಶ್ಶಾಸ್ತ್ರಜ್ಞೆ!

ಈ ಕಥೆ ಅವಳೊಬ್ಬಳದಲ್ಲ. ನಿಲ್ಲಿಸಿದ ಕಾರಿನಲ್ಲಿ, ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ಆಫೀಸಿನ ಮೆಟ್ಟಿಲ ಕೆಳಗೆ, ಜನ ಎಲ್ಲೆಲ್ಲಿಂದಲೋ ಥೆರಪಿ ತೆಗೆದುಕೊಳ್ಳುತ್ತಾರೆ. ಕಷ್ಟದ ಮೂಲ ಮನೆಯೊಳಗೇ ಇದ್ದರೆ ಹೇಗೆ? ಹೊಡೆಯುವ ಗಂಡ ಆಚೆ ಹಾಲಿನಲ್ಲಿ ಟಿ.ವಿ. ನೋಡುತ್ತಿರುವಾಗ, ಅವನೇ ರೀಚಾರ್ಜ್ ಮಾಡಿಸಿದ ಫೋನಿನಲ್ಲಿ, ಕಾಲ್ ಲಾಗ್ ಅಳಿಸಲು ಮರೆಯದೆ, ಆಕೆ ಏನು ತಾನೇ ಹೇಳಿಯಾಳು? ಅಂಥವರಿಗೆ "ಆಸ್ಪತ್ರೆಗೆ ಹೋಗಿಬರ್ತೀನಿ" ಎಂದು ಹೊರಬೀಳುವುದೇ ಚಿಕಿತ್ಸೆಯ ಅರ್ಧ. ಆ ಕೋಣೆಯಲ್ಲಿ ಆಡಿದ್ದು ಹೊರಗೆ ಹೋಗಬಾರದು ಎಂಬುದಕ್ಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ರಕ್ಷಣೆಯೂ ಇದೆ. ಮಹಡಿ ಮೇಲಿನ ಟ್ಯಾಂಕಿಗೆ ಯಾವ ಕಾಯ್ದೆ ಕಾವಲು ಕೂರುತ್ತದೆ?

ಬಾಗಿಲ ಒಳಗಿನ ಇನ್ನೊಂದು ಸಂಗತಿ ಮೌನ. ಫೋನಿನಲ್ಲಿ ಹತ್ತು ಸೆಕೆಂಡು ಸುಮ್ಮನಾಗಿ ನೋಡಿ, "ಹಲೋ? ಕೇಳಿಸ್ತಿದ್ಯಾ? ಕಟ್ಟಾಯ್ತಾ?" ಬಂದೇ ಬರುತ್ತದೆ. ವಿಡಿಯೊದಲ್ಲಿ ಮುಖ ಹೆಪ್ಪುಗಟ್ಟಿ ನಿಂತರೆ ಅದು ದುಃಖವೋ ನೆಟ್‌ವರ್ಕೋ ತಿಳಿಯದು. ಎದುರು ಕೂತಾಗ ಮಾತ್ರ ಮೌನಕ್ಕೆ ತನ್ನಷ್ಟಕ್ಕೆ ತಾನು ಇರಲು ಬಿಡುವಿರುತ್ತದೆ. ಮಾತು ನಿಂತ ಮೇಲೆ ಒಬ್ಬರು ದುಪಟ್ಟಾದ ಅಂಚು ಸುತ್ತುತ್ತಾರೆ, ಇನ್ನೊಬ್ಬರು ಕಿಟಕಿ ನೋಡುತ್ತಾರೆ, ಫ್ಯಾನು ಕಿರ್ ಎನ್ನುತ್ತದೆ, ಎರಡು ನಿಮಿಷದ ಮೇಲೆ ಬರುವ ವಾಕ್ಯ ಬಹಳ ಸಲ ಆ ದಿನ ಹೇಳಲೆಂದೇ ಬಂದ ವಾಕ್ಯವಾಗಿರುತ್ತದೆ. ಪೆಟ್ಟಿಗೆಯಿಂದ ಒಂದು ಟಿಶ್ಯೂ ಎಳೆದು ಕೊಡುವುದೂ ಪರದೆಯ ಆಚೆಯಿಂದ ಆಗದ ಕೆಲಸ.

ಭಾಷೆಯ ಮಾತಿಗೆ ಬಂದರೆ ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಕನ್ನಡದಲ್ಲಿ ಥೆರಪಿ ಮಾಡುವವರಿಗೆ ಇಲ್ಲೊಂದು ತೊಡಕಿದೆ. ಸಿಬಿಟಿಯ ಮೊದಲ ಪಾಠವೇ ಯೋಚನೆ ಬೇರೆ, ಭಾವನೆ ಬೇರೆ ಎಂದು ಬಿಡಿಸುವುದು. ಒಂದು ಹಾಳೆಯಲ್ಲಿ ಕಾಲಂ ಎಳೆದು, ಏನಾಯಿತು, ಆಗ ಏನು ಯೋಚಿಸಿದಿರಿ, ಯಾವ ಭಾವನೆ ಬಂತು ಎಂದು ತುಂಬಿಸುತ್ತಾರೆ. ಕನ್ನಡದಲ್ಲಿ "ಆಗ ನಿಮಗೆ ಏನನ್ನಿಸಿತು?" ಎಂದು ಕೇಳಿದರೆ ಎರಡೂ ಕಾಲಂ ಒಂದೇ ಸಲ ತುಂಬುತ್ತವೆ. "ನಾನು ದಂಡ ಅನ್ನಿಸ್ತು" ಎಂಬುದು ಯೋಚನೆ, "ಬೇಜಾರು ಅನ್ನಿಸ್ತು" ಎಂಬುದು ಭಾವನೆ, ಎರಡಕ್ಕೂ ಕ್ರಿಯಾಪದ ಒಂದೇ. ಮೇಲಾಗಿ ನಮಗೆ ಬೇಜಾರು 'ಆಗುತ್ತದೆ', ಸಿಟ್ಟು 'ಬರುತ್ತದೆ', ಎಲ್ಲಿಂದಲೋ ಬಂದ ನೆಂಟರ ಹಾಗೆ. "ನಿಮ್ಮ ಯೋಚನೆಯಿಂದಲೇ ಈ ಭಾವನೆ ಹುಟ್ಟಿತು" ಎಂದು ಯಾರಾದರೂ ಹೇಳಿದರೆ ನಮ್ಮ ವ್ಯಾಕರಣವೇ ತಕರಾರು ತೆಗೆಯುತ್ತದೆ.

"ಸಂಕಟ ಆಗ್ತಿದೆ" ಎಂಬ ಎರಡು ಪದ ಸಾಕು ಇದನ್ನು ತೋರಿಸಲು. ಹೊಟ್ಟೆಯದೋ ಎದೆಯದೋ ಮನಸ್ಸಿನದೋ? ಫೋನಿನಲ್ಲಿ ಕೇಳುವವರು ಮೂರು ಮರುಪ್ರಶ್ನೆ ಕೇಳಬೇಕು. ಎದುರಿಗಿದ್ದರೆ ಆಕೆಯ ಕೈ ಎಲ್ಲಿ ಹೋಗಿ ಕೂತಿತು ಎಂದು ನೋಡಿದರಾಯಿತು. "ಕೈಕಾಲು ಬಿದ್ದುಹೋದ ಹಾಗೆ", "ತಲೆ ಭಾರ", "ಉಸಿರು ಕಟ್ಟಿದ ಹಾಗೆ" ಎಂದು ದೇಹದ ಮೂಲಕವೇ ಕಷ್ಟ ಹೇಳಿಕೊಳ್ಳುವ ಜನ ನಾವು. ಮಾತಿನಷ್ಟೇ ದೇಹವನ್ನೂ ಓದಬೇಕಾದಾಗ ಸೊಂಟದ ಮೇಲಿನ ಚಿತ್ರ ಮಾತ್ರ ಕಾಣುವ ವಿಡಿಯೊ ಅರ್ಧ ಪುಟ ಹರಿದ ಪುಸ್ತಕ. ನಡುಗುವ ಮೊಣಕಾಲು, ಬೆಳಿಗ್ಗೆ ಹನ್ನೊಂದಕ್ಕೇ ಬರುವ ಮದ್ಯದ ವಾಸನೆ, ನಾಲ್ಕು ದಿನದಿಂದ ಬಾಚದ ತಲೆ, ಹೋದ ತಿಂಗಳಿಗಿಂತ ಸಡಿಲವಾದ ಬಳೆ, ಇವೆಲ್ಲ ಒಂದೇ ಕೋಣೆಯಲ್ಲಿದ್ದವರಿಗೆ ಸಿಗುವ ಸುಳಿವು. ಆತ್ಮಹತ್ಯೆಯ ಯೋಚನೆ ಇರುವವರ ವಿಷಯದಲ್ಲಿ ಇಂಥ ಒಂದು ಸುಳಿವು ಬಹಳ ತೂಗುತ್ತದೆ. ಮಕ್ಕಳ ಜೊತೆ ನೆಲದ ಮೇಲೆ ಕೂತು ಆಟದ ಮೂಲಕವೇ ಮಾತಾಡಬೇಕಾದಲ್ಲಿ ಪರದೆಯ ಪ್ರಶ್ನೆಯೇ ಬರುವುದಿಲ್ಲ ಎನ್ನಬಹುದು.

ಇಷ್ಟು ಹೊಗಳಿದ ಮೇಲೆ ಬೆಂಚಿಗೆ ವಾಪಸು ಬರೋಣ. ಮುಖದ ಸುತ್ತ ನಮ್ಮಲ್ಲಿ ಎರಡು ಬಗೆಯ ನುಡಿಗಟ್ಟುಗಳಿವೆ. "ಮುಖ ನೋಡಿದ್ರೆ ಗೊತ್ತಾಗುತ್ತೆ" ಎನ್ನುತ್ತೇವೆ, "ಮುಖ ತೋರಿಸೋ ಹಾಗಿಲ್ಲ" ಎಂದೂ ಎನ್ನುತ್ತೇವೆ. ಮೊದಲನೆಯದು ಕೋಣೆಯೊಳಗಿನ ಮಾತು, ಎರಡನೆಯದು ಕೋಣೆಯ ಹೊರಗಿನದು. ತಾಲ್ಲೂಕು ಊರಿನಲ್ಲಿ ಮನೋವೈದ್ಯರ ಬೋರ್ಡು ಎಲ್ಲರಿಗೂ ಗೊತ್ತು. ಅಲ್ಲಿ ಕೂತಿದ್ದನ್ನು ಕಂಡ ಸುದ್ದಿ ನಿಮಗಿಂತ ಮುಂಚೆ ಮನೆ ಸೇರುತ್ತದೆ. ಮದುವೆಗೆ ಬಂದ ಹುಡುಗಿ ಇದ್ದರಂತೂ ಕೇಳುವುದೇ ಬೇಡ. ಹಾಗಾಗಿ ಶಿವಮೊಗ್ಗದವರು ದಾವಣಗೆರೆಗೆ, ದಾವಣಗೆರೆಯವರು ಹುಬ್ಬಳ್ಳಿಗೆ, ಹೀಗೆ ಬೇರೆ ಜಿಲ್ಲೆಗೆ ಹೋಗಿ ತೋರಿಸಿಕೊಳ್ಳುವುದು ಉಂಟು. ಚಿಕಿತ್ಸೆಗೆ ದೂರ ಹೆಚ್ಚಿದಷ್ಟೂ ಬಿಡುವವರೂ ಹೆಚ್ಚು. ಮನೋಚಿಕಿತ್ಸೆಯನ್ನು ಮಧ್ಯದಲ್ಲೇ ಬಿಡುವವರು ಸುಮಾರು ಐದರಲ್ಲೊಬ್ಬರು ಎಂದು 669 ಅಧ್ಯಯನಗಳನ್ನು ಜಾಲಾಡಿದ 2012ರ ವಿಶ್ಲೇಷಣೆ ಹೇಳುತ್ತದೆ, ಅದೂ ನಮ್ಮ ಬಸ್ಸು, ನಮ್ಮ ಬಿಸಿಲು ಯಾವುದೂ ಇಲ್ಲದ ಕಡೆಗಳ ಲೆಕ್ಕವೇ ಹೆಚ್ಚು.

ಖಿನ್ನತೆಗೆ ಸಿಬಿಟಿ ಎಂದರೆ ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 20 ಸೆಷನ್. ಕೂಲಿಯವರಿಗೆ ಅದು ಅಷ್ಟೇ ದಿನದ ಕೂಲಿ ಖೋತಾ, ಜೊತೆಗೆ ಬರುವವರದ್ದೂ ಸೇರಿದರೆ ಎರಡರಷ್ಟು. ಬೆಂಗಳೂರಿನ ಖಾಸಗಿ ಕೋಣೆಗಳಲ್ಲಿ ಒಂದು ಸೆಷನ್ನಿಗೆ ಸಾವಿರ, ಎರಡು ಸಾವಿರ ಕೊಡುವುದು ಸರ್ವೇಸಾಮಾನ್ಯ. ದೇಹದ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ವಿಮೆ ಸಮನಾಗಿರಬೇಕು ಎಂದು ಅದೇ 2017ರ ಕಾಯ್ದೆ ಹೇಳುತ್ತದೆ. ಆದರೆ ಪಾಲಿಸಿಗಳು ಹೆಚ್ಚಾಗಿ ದುಡ್ಡು ಕೊಡುವುದು ಆಸ್ಪತ್ರೆಯಲ್ಲಿ ಮಲಗಿದರೆ. ಕುರ್ಚಿಯಲ್ಲಿ ಕೂತು ಅತ್ತು ಬಂದದ್ದಕ್ಕೆ ಯಾವ ಕ್ಲೇಮು?

ಇನ್ನು ಕೋಣೆಯೊಳಗೇ ಇರುವ ತೊಂದರೆ. ಮುಖ ಕಂಡಾಗ ಹಣೆಯೂ ಕಾಣುತ್ತದೆ: ವಿಭೂತಿ, ನಾಮ, ಕುಂಕುಮ, ಬುರ್ಖಾ. ಹೆಸರು ಕೇಳಿದ ಮೇಲೆ "ಯಾವೂರು?" ಬರುತ್ತದೆ, ಊರಿನ ಹಿಂದೆಯೇ ಇನ್ನೊಂದು ಪ್ರಶ್ನೆ ಗಾಳಿಯಲ್ಲಿ ತೂಗುತ್ತದೆ. ಜಾತಿಯ ಕಾರಣಕ್ಕೇ ನೊಂದು ಬಂದವರಿಗೆ ಎದುರಿನವರ ಹುಬ್ಬು ಒಂದಿಷ್ಟು ಏರಿದ್ದು ಕಂಡರೂ ಅವತ್ತಿನ ಮಾತು ಅಲ್ಲಿಗೆ ಮುಗಿದಂತೆ. ಸಣ್ಣ ಊರಿನಲ್ಲಿ ಚಿಕಿತ್ಸಕರು ನಿಮ್ಮ ಮಾವನ ಸಹಪಾಠಿಯೂ ಆಗಿರಬಹುದು. ಮುಚ್ಚಿದ ಬಾಗಿಲು ಒಳಗಿರುವ ಅಧಿಕಾರವನ್ನೂ ಮುಚ್ಚಿಡುತ್ತದೆ ಎಂಬುದನ್ನೂ ಹೇಳಲೇಬೇಕು. ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗಲು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು, ಆದರೆ 'ಕೌನ್ಸೆಲರ್' ಎಂಬ ಬೋರ್ಡು ವಾರಾಂತ್ಯದ ಕೋರ್ಸು ಮುಗಿಸಿದವರ ಬಾಗಿಲಲ್ಲೂ ನೇತಾಡುತ್ತದೆ. ಒಳ್ಳೆಯವರ ಕೈಯಲ್ಲೂ ಮನೋಚಿಕಿತ್ಸೆ ಎಲ್ಲರಿಗೂ ಒಗ್ಗುವುದಿಲ್ಲ. ನೂರರಲ್ಲಿ 5ರಿಂದ 10 ಮಂದಿ ಚಿಕಿತ್ಸೆಯ ನಡುವೆ ಇನ್ನಷ್ಟು ಕುಗ್ಗುತ್ತಾರೆ ಎಂಬುದು ಈ ಕ್ಷೇತ್ರದವರೇ ಒಪ್ಪಿದ ಲೆಕ್ಕ. ಮಾತ್ರೆ ಚೀಟಿಯ ಮೇಲಾದರೆ ಅಡ್ಡಪರಿಣಾಮ ಬರೆದಿರುತ್ತದೆ, ಮಾತಿಗೆ ಅಂಥ ಚೀಟಿ ಇಲ್ಲ.

ಕೆಲವರ ವಿಷಯದಲ್ಲಿ ಕೋಣೆಯೇ ತಪ್ಪು ಜಾಗ. ಮನೆ ಬಿಟ್ಟು ಹೊರಡಲಾಗದ ಭಯ ಇರುವವರಿಗೆ "ಗುರುವಾರ ಹತ್ತೂವರೆಗೆ ಬನ್ನಿ" ಎನ್ನುವುದು ಕುಂಟನಿಗೆ ಬೆಟ್ಟ ಹತ್ತಿ ಬಂದು ಔಷಧ ತೆಗೆದುಕೊ ಎಂದಂತೆ. ಕೈ ತೊಳೆದಷ್ಟೂ ಸಾಲದು ಎನ್ನುವ ಗೀಳಿನವರ ತೊಂದರೆ ಇರುವುದು ಅವರ ಮನೆಯ ನಲ್ಲಿಯ ಹತ್ತಿರ, ಆಸ್ಪತ್ರೆಯ ಮೇಜಿನ ಹತ್ತಿರವಲ್ಲ. ಫೋನ್ ಹಿಡಿದು ಬಚ್ಚಲಿನಲ್ಲೇ ನಿಂತು ಮಾಡುವ ಸೆಷನ್ ಅಲ್ಲಿ ಹೆಚ್ಚು ಕೆಲಸಕ್ಕೆ ಬರಬಹುದು. ಹೊರನಾಡು, ಹೊರದೇಶದ ಕನ್ನಡಿಗರಿಗೂ ಅಷ್ಟೇ. "ಹೊಟ್ಟೆ ಉರಿಯುತ್ತೆ" ಎಂದರೆ ಆಂಟಾಸಿಡ್ ಬರೆಯದ ಚಿಕಿತ್ಸಕರು ಬೇಕಾದರೆ ಅವರಿಗೆ ಪರದೆಯೇ ಗತಿ.

ಈ ಎಲ್ಲ ತೂಗಾಟಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ: ತೂಗಲು ಎರಡು ತಕ್ಕಡಿಯಲ್ಲೂ ಏನಾದರೂ ಇದೆಯೇ? ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇರುವವರಲ್ಲಿ ಶೇ 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. (ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ದೀಪದ ಬುಡದ ಕತ್ತಲೆ ಅಳೆಯುವುದು ಬಾಕಿ ಉಳಿಯಿತು.) ಹಾಗೆಂದು ನಮ್ಮ ರಾಜ್ಯ ಸುಮ್ಮನೆ ಕೂತಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಮನಸ್ಸಿನ ಕಾಯಿಲೆ ನೋಡಬಹುದು ಎಂದು 1980ರ ದಶಕದಲ್ಲಿ ತೋರಿಸಿಕೊಟ್ಟಿದ್ದು ಬಳ್ಳಾರಿ ಜಿಲ್ಲೆ. ಅದೇ ಮಾದರಿ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. 2014ರಿಂದ 'ಮನೋಚೈತನ್ಯ' ಹೆಸರಿನಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆಯಾಯಿತು. ಆದರೆ ಮಂಗಳವಾರದ ಸಾಲು ನೋಡಿದವರಿಗೆ ಗೊತ್ತು, ಆ ಹೊತ್ತು ಮಾತ್ರೆ ಬರೆಯಲು ಸಾಕು, ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ ಕೊಡಲು ಸಾಲದು. ಮನೋಚಿಕಿತ್ಸೆ ಎಂಬ ಪದ ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಹೆಚ್ಚಾಗಿ ಉಳಿದಿರುವುದು ದೊಡ್ಡ ಸಂಸ್ಥೆಗಳ ಗೋಡೆಯೊಳಗೆ.

ಮುಚ್ಚಿದ ಕೋಣೆಗೆ ತಜ್ಞರೇ ಬೇಕೆಂದಿಲ್ಲ ಎಂಬುದಕ್ಕೆ ಪಕ್ಕದ ಗೋವಾ ಒಳ್ಳೆಯ ಸಾಕ್ಷಿ. ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯ 495 ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಮನೋವಿಜ್ಞಾನದ ಹಿನ್ನೆಲೆಯೇ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಕೇಂದ್ರದಲ್ಲೋ ರೋಗಿಯ ಮನೆಯಲ್ಲೋ ಎದುರು ಕೂತು 6ರಿಂದ 8 ಸೆಷನ್ ಮಾಡಿಸಿದರು. ಮೂರು ತಿಂಗಳ ಮೇಲೆ ನೋಡಿದರೆ ಅವರ ಬಳಿ ಮಾತಾಡಿದವರಲ್ಲಿ ಶೇ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು, ಮಾಮೂಲಿ ಆರೈಕೆಗೆ ಬಿಟ್ಟವರಲ್ಲಿ ಶೇ 39. ಪದವಿಗಿಂತ ಸಂಬಂಧ ಮುಖ್ಯ ಎಂದು ಬೇರೆ ಲೆಕ್ಕಗಳೂ ಹೇಳುತ್ತವೆ. ಚಿಕಿತ್ಸಕ-ರೋಗಿ ನಡುವಿನ ಹೊಂದಾಣಿಕೆ ಗಟ್ಟಿಯಿದ್ದಷ್ಟೂ ಫಲ ಹೆಚ್ಚು ಎಂಬುದು 295 ಅಧ್ಯಯನಗಳಲ್ಲಿ ಕಂಡ ಮಾದರಿ. ಆ ಹೊಂದಾಣಿಕೆ ಪರದೆಯ ಮೇಲೂ ಹುಟ್ಟುತ್ತದೆ ಎಂಬುದೂ ಅದರಲ್ಲಿ ಸೇರಿದೆ.

2022ರ ಅಕ್ಟೋಬರ್ 10ರಂದು ನಿಮ್ಹಾನ್ಸ್‌ನಲ್ಲೇ ಚಾಲನೆ ಪಡೆದ ಟೆಲಿ-ಮಾನಸ್, 14416 ಸಂಖ್ಯೆಯ ಸಹಾಯವಾಣಿ, ಈ ಕೊರತೆಗೆ ದೇಶ ಕಂಡುಕೊಂಡ ಉತ್ತರ. ಹಗಲುರಾತ್ರಿ ಕನ್ನಡದಲ್ಲೂ ಸಿಗುತ್ತದೆ, ಬೆಂಚಿನ ಕಾಟ ಇಲ್ಲ. ನನಗೆ ಅದರ ಮೇಲೆ ಗೌರವವಿದೆ. ಆದರೆ ಅದು ಹೊಸ್ತಿಲು. ರಾತ್ರಿ ಎರಡು ಗಂಟೆಯ ಕಟ್ಟಿದ ಉಸಿರನ್ನು ಬಿಡಿಸುತ್ತದೆ, ಮುಂದೆ ಎಲ್ಲಿ ಹೋಗಬೇಕು ಹೇಳುತ್ತದೆ. ಹದಿನಾರು ವಾರ ಒಬ್ಬರ ಜೊತೆ ಒಂದೇ ಗಾಯವನ್ನು ಮುಟ್ಟುವ ಕೆಲಸ ಅದರದ್ದಲ್ಲ.

ಈಗ ಜನ ಚಾಟ್‌ಬಾಟ್ ಹತ್ತಿರವೂ ಎದೆ ತೋಡಿಕೊಳ್ಳುತ್ತಾರೆ. ಇದು ಹೊಸದೂ ಅಲ್ಲ. 1966ರಲ್ಲಿ ಜೋಸೆಫ್ ವೈಜನ್‌ಬಾಮ್ ಎಂಬ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ, ಥೆರಪಿಸ್ಟ್ ಥರ ಪ್ರಶ್ನೆ ಕೇಳುವ ಎಲೈಜಾ ಎಂಬ ಪ್ರೋಗ್ರಾಂ ಪ್ರಕಟಿಸಿದ. ಅದನ್ನು ಬರೆಯುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವನ ಕಾರ್ಯದರ್ಶಿಯೇ ಒಂದು ದಿನ ಅದರ ಜೊತೆ ನಾಲ್ಕು ಮಾತು ಟೈಪ್ ಮಾಡಿ, ಅವನ ಕಡೆ ತಿರುಗಿ, ದಯವಿಟ್ಟು ಸ್ವಲ್ಪ ಕೋಣೆಯಿಂದ ಹೊರಗೆ ಹೋಗ್ತೀರಾ ಎಂದು ಕೇಳಿದಳಂತೆ. ಎದುರಿಗೆ ಮುಖವೇ ಇಲ್ಲ, ಬರೀ ಯಂತ್ರ. ಆಗಲೂ ಆಕೆ ಬೇಡಿದ್ದು ಬಾಗಿಲು.

ಹಾಗಾಗಿ ನನ್ನ ಲೆಕ್ಕ ಹೀಗೆ. ಮೊದಲ ಎರಡು-ಮೂರು ಭೇಟಿ ಎದುರಿಗೇ ಆಗಲಿ, ದೇಹ ಓದಲು, ಭಾಷೆ ಹೊಂದಿಸಿಕೊಳ್ಳಲು, ಅಪಾಯವಿದೆಯೇ ನೋಡಲು. ಆಮೇಲಿನವು ಫೋನಿಗೆ ಬರಲಿ, ಆದರೆ ಆ ಫೋನು ಹಿಡಿದು ಕೂರಲು ಊರಿನಲ್ಲೇ ಒಂದು ಕೋಣೆ ಸಿಗಲಿ. ಆರೋಗ್ಯ ಕೇಂದ್ರದಲ್ಲಿ, ಇಲ್ಲವೇ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಅರಿವು ಕೇಂದ್ರದಲ್ಲಿ, ವಾರದಲ್ಲಿ ಎರಡು ಮಧ್ಯಾಹ್ನ. ಬಿ.ಪಿ. ನೋಡುವ, ಪೇಪರ್ ಓದುವ ಜಾಗಕ್ಕೆ ಯಾಕೆ ಹೋದೆ ಎಂದು ಯಾರೂ ಕೇಳುವುದಿಲ್ಲ. ಬೋರ್ಡು ಬೇಡ, ಬೆಂಚು ಬೇಡ, ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕ ಬೇಕು. ಟೆಲಿ ಸೇವೆಗೆ ಸರ್ವರು, ಸಿಬ್ಬಂದಿ ಎಲ್ಲದಕ್ಕೂ ಯೋಜನೆಯಿದೆ. ಕರೆ ಮಾಡುವವರು ಎಲ್ಲಿ ಕೂರಬೇಕು ಎಂಬ ಪ್ರಶ್ನೆ ಮಾತ್ರ ಮನೆಮನೆಗೆ ಬಿಟ್ಟ ವಿಷಯವಾಗಿದೆ.

ನಮ್ಮ ಹುಡುಗಿ ತನ್ನ ವ್ಯವಸ್ಥೆ ತಾನೇ ಮಾಡಿಕೊಂಡಳು. ಎರಡು ತಿಂಗಳಿಗೊಮ್ಮೆ ಆ ಆಸ್ಪತ್ರೆಗೆ ಹೋಗುತ್ತಾಳೆ. ನಡುವಿನ ಸೆಷನ್ನು ಗೆಳತಿಯ ಜೆರಾಕ್ಸ್ ಅಂಗಡಿಯ ಹಿಂದಿನ ಗೋಡೌನಿನಲ್ಲಿ, ಎ-4 ಹಾಳೆಯ ಕಟ್ಟುಗಳ ನಡುವೆ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು. ಬಾಗಿಲು ಸರಿಯಾಗಿ ಕೂರುವುದಿಲ್ಲ, ಒಂದು ಕಟ್ಟು ಹಾಳೆ ಒತ್ತುಕೊಡಬೇಕು. ಆ ಮುಕ್ಕಾಲು ಗಂಟೆ ಯಾರಾದರೂ ಲ್ಯಾಮಿನೇಷನ್‌ಗೆ ಬಂದರೆ, ಮೆಷಿನ್ ಹಿಂದಿನ ರೂಮಿನಲ್ಲಿದೆ, ರಿಪೇರಿಯವರು ಬಂದಿದ್ದಾರೆ, ಸಂಜೆ ಬನ್ನಿ ಎಂದು ಗೆಳತಿ ಕಳಿಸಿಬಿಡುತ್ತಾಳೆ.